ಎಡಗಡೆಯ ಕೊನೆಯ ಹಲ್ಲು

ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಹನ್ನೊಂದನೆಯ ದಿನ ಬಾಯಿ ತೋರಿಸುವವರು ಸೇರಿ ನನ್ನ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ಅಷ್ಟರೊಳಗೆ, ಸತ್ತವರನ್ನು ನಿಜವಾಗಿ ಹಚ್ಚಿಕೊಂಡಿದ್ದವರಿಗೆಲ್ಲ ಒಂದೊಂದು ಹಲ್ಲಿನಲ್ಲಿ ತೂತು ಬಿದ್ದಿರುತ್ತದೆ. ಒಬ್ಬರ ಸಾವಿಗೆ ಒಂದೇ ಆಕಾರದ ತೂತು. ಹೆಂಡತಿಯ ಬಾಯಲ್ಲಿ ನೋಡಿದರೂ ಅದೇ, ಗೆಳೆಯನ ಬಾಯಲ್ಲಿ ನೋಡಿದರೂ ಅದೇ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಯಾರ ಅಳು ನಿಜ, ಯಾರದು ಸುಳ್ಳು ಎಂದು ಹೇಗೆ ಪತ್ತೆ ಹಚ್ಚುತ್ತಾರೋ ನನಗೆ ತಿಳಿಯದು.

ಆ ತೂತುಗಳಿಗೆ ಕಟ್ಟು ಹಾಕುವುದು ನನ್ನ ಕಸುಬು. ಅವ್ವನಿಂದ ಕಲಿತದ್ದು. ಜೇನುಮೇಣವನ್ನು ಬಿಸಿ ಮಾಡಿ ಹಲ್ಲಿನ ಕುಳಿಗೆ ಒತ್ತಿ, ಗಟ್ಟಿಯಾದ ಮೇಲೆ ಹುಷಾರಾಗಿ ತೆಗೆದು, ಆ ಮೇಣದ ಸುತ್ತ ಮಣ್ಣು ಮೆತ್ತಿ ಸುಡುತ್ತೇನೆ. ಮೇಣ ಕರಗಿಹೋದ ಜಾಗಕ್ಕೆ ಬೆಳ್ಳಿ ಹೊಯ್ದು, ಮಣ್ಣು ಒಡೆದರೆ ಒಳಗೆ ಕಟ್ಟು ಸಿಗುತ್ತದೆ. ಹಲ್ಲಿನ ನಡುವೆ ಮಾತ್ರ ಕುಳಿ ಬಿದ್ದಿದ್ದರೆ ಅದರೊಳಗೆ ಕೂರುವ ಚಿಕ್ಕ ತುಂಡು ಸಾಕು, ಅದು ಒಳಗಟ್ಟು. ಹಲ್ಲಿನ ಮೂಲೆಯೇ ಉದುರಿ ಹೋಗಿದ್ದರೆ ಕುಳಿಯನ್ನೂ ತುಂಬಿ ಮೂಲೆಯನ್ನೂ ಹೊದಿಸುವಂಥದ್ದು ಬೇಕು, ಅದು ಮೇಲ್ಗಟ್ಟು. ಅಜ್ಜ ಅಜ್ಜಿ, ಅತ್ತೆ ಮಾವ, ಗೆಳೆಯರು ಹೋದರೆ ಒಳಗಟ್ಟು. ಗಂಡನೋ ಹೆಂಡತಿಯೋ ಹೋದರೆ ಕೆಲವೊಮ್ಮೆ ಇದು, ಕೆಲವೊಮ್ಮೆ ಅದು. ಯಾರಿಗೆ ಯಾವುದೆಂದು ನಾನು ಎಲ್ಲೂ ಬಾಯಿ ಬಿಡುವುದಿಲ್ಲ. ಮಕ್ಕಳು ಹೋದರೆ ಮಾತ್ರ ಯಾವಾಗಲೂ ಮೇಲ್ಗಟ್ಟೇ.

ತೂತು ತೆರೆದಿರುವಷ್ಟು ದಿನ ಅದರೊಳಗೆ ಸತ್ತವರ ದನಿ ಇರುತ್ತದೆ. ಹೊಸದಾಗಿ ಏನನ್ನೂ ಹೇಳುವುದಿಲ್ಲ, ಬದುಕಿದ್ದಾಗ ಆಡಿದ್ದನ್ನೇ ಆಡುತ್ತದೆ. ಸಾವಿನ ಮನೆಯ ಜಗಲಿಯಲ್ಲಿ ಕೆನ್ನೆಗೆ ಕೈಕೊಟ್ಟು ಕೂತವರನ್ನು ನಾವು ಯಾರೂ ಮಾತಾಡಿಸುವುದಿಲ್ಲ, ದಾಟಿಕೊಂಡು ಹೋಗಿಬಿಡುತ್ತೇವೆ. ಆದರೆ ಹದಿನಾರನೆಯ ದಿನದೊಳಗೆ ಕಟ್ಟು ಹಾಕಿಸಲೇಬೇಕು. ಇಲ್ಲದಿದ್ದರೆ ಅಕ್ಕಪಕ್ಕದವರು ಕೈಹಿಡಿದು ಎಳೆದುಕೊಂಡು ಬರುತ್ತಾರೆ, ಯಾಕೆಂದರೆ ತೆರೆದ ಹಲ್ಲು ಒಂದಲ್ಲ ಒಂದು ದಿನ ಕೊಳೆಯುತ್ತದೆ, ಕೊಳೆತದ್ದು ಆಳನ್ನೂ ತಿನ್ನುತ್ತದೆ. ಕಟ್ಟು ಕೂತ ಗಳಿಗೆಯಲ್ಲಿ ನೋವು ನಿಲ್ಲುತ್ತದೆ. ದನಿಯೂ ನಿಲ್ಲುತ್ತದೆ. ಆಮೇಲೆ ಸತ್ತವರ ಮುಖ ನೆನಪಿರುತ್ತದೆ, ಆಡಿದ ಮಾತು ನೆನಪಿರುತ್ತದೆ, ದನಿ ಹೇಗಿತ್ತೆಂಬುದು ಮಾತ್ರ ಎಷ್ಟು ತಿಣುಕಿದರೂ ಬರುವುದಿಲ್ಲ.

ತೂತು ಬೀಳದಿರುವುದು ದೊಡ್ಡ ಅವಮಾನ. ಗಾಣದ ಚೌಡಪ್ಪ ಸತ್ತಾಗ ಅವನ ಹಿರೀಮಗ ಹಿತ್ತಿಲ ಬಾಗಿಲಿನಿಂದ ಬಂದು, "ತಿಪ್ಪಕ್ಕ, ನಿನ್ ಕಾಲಿಗ್ ಬೀಳ್ತೀನಿ, ಸಣ್ಣದೊಂದು ತೂತು ಕೊರೆದುಬಿಡು. ಊರೋರ ಮುಂದೆ ತಲೆ ಎತ್ತಂಗಿಲ್ಲ" ಎಂದು ಗೋಗರೆದಿದ್ದ. ಚೌಡಪ್ಪ ಮಕ್ಕಳನ್ನು ಹುರಿಹಗ್ಗದಲ್ಲಿ ಹೊಡೆಯುತ್ತಿದ್ದುದು ನನಗೆ ಗೊತ್ತಿತ್ತು. ಆದರೂ ಬೈದು ಕಳಿಸಿದೆ. ಸುಳ್ಳು ತೂತು ಕೊರೆಯುವ ಕೈಯಲ್ಲ ನನ್ನದು ಎಂಬ ಜಂಬ ನನಗೆ. ನಾನು ಕೂರಿಸಿದ ಕಟ್ಟು ಇಂದಿನವರೆಗೂ ಒಂದೂ ಸಡಿಲಾಗಿಲ್ಲ, ನಾನು ನೋಡಿ ಹೇಳಿದ ಬಾಯಿ ಒಂದೂ ತಪ್ಪಿಲ್ಲ ಎಂದುಕೊಂಡೇ ಮುದುಕಿಯಾದೆ.

ನನ್ನ ಗಂಡ ಓಬಣ್ಣ ಕಡಲೆ ಹುರಿಯುವವನು. ನಮ್ಮ ಹಿತ್ತಿಲಲ್ಲೇ ಅವನ ಭಟ್ಟಿ. ನಮಗೆ ಒಬ್ಬಳೇ ಮಗಳಿದ್ದಳು, ಪಾಲಿ. ಏಳು ವರ್ಷದವಳು. ಅಪ್ಪ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟಕ್ಕೆಂದು ಕಡಿದು ಹದ ನೋಡುವಾಗ ಅವಳೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಡಿದು, ಅವನ ಹಾಗೆಯೇ ತಲೆಯಾಡಿಸುತ್ತಿದ್ದಳು. ತಲೆ ಬಾಚಲು ನಾನು ಕರೆದರೆ ಬರುತ್ತಿರಲಿಲ್ಲ. ಅಪ್ಪನೇ ಮಸಿ ಕೈ ಒರೆಸಿಕೊಂಡು ಬಂದು ಬಾಚಬೇಕಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಬೇಸಗೆಯಲ್ಲಿ, ಅವಳಿಗೆ ವಾಂತಿಭೇದಿ ಹತ್ತಿತು. ಮೇಲ್ಕೇರಿಯ ಪಂಡಿತ ಬಂದು ನಾಡಿ ಹಿಡಿದು, ವಾಂತಿ ನಿಲ್ಲುವ ತನಕ ಹನಿ ನೀರೂ ಕೊಡಬಾರದು ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆಯಿಂದ ಪಾಲಿ ನೀರು ಕೇಳಲು ಶುರು ಮಾಡಿದಳು. ತುಟಿ ಒಣಗಿ ಸೀಳು ಬಿಟ್ಟಿತ್ತು. ಓಬಣ್ಣ ಚೊಂಬು ತಂದು ನಿಂತುಕೊಂಡ.

"ಒಂದು ಗುಟುಕು ಕೊಡೇ. ಏನೂ ಆಗಲ್ಲ."

"ಪಂಡಿತ್ರು ಬ್ಯಾಡ ಅಂದವ್ರೆ. ನೀನೇನು ಅವ್ರಿಗಿಂತ ತಿಳಿದೋನಾ?" ಎಂದು ಚೊಂಬನ್ನು ಅವನ ಕೈಯಿಂದ ಕಸಿದು ಹಿತ್ತಿಲಿಗೆ ಎರಚಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಪಾಲಿ ಕೇಳುವುದನ್ನು ನಿಲ್ಲಿಸಿದಳು. ನಿದ್ದೆ ಹತ್ತಿತು ಎಂದುಕೊಂಡು ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ನಡೆದದ್ದು ಹಾಗೆಯೇ.

ಹತ್ತನೆಯ ದಿನ ನನ್ನ ಬಲಗಡೆಯ ಕೆಳಸಾಲಿನ ದೊಡ್ಡ ದವಡೆಹಲ್ಲು ಒಂದು ಮೂಲೆ ಬಿಟ್ಟುಕೊಟ್ಟಿತು. ಅರ್ಧ ಕಡಲೆಬೇಳೆಯಂಥ ಕುಳಿ, ಒಂದು ಬದಿಯಲ್ಲಿ ಉಗುರಿನಿಂದ ಚಿವುಟಿದಂತೆ ಸಣ್ಣ ಕಚ್ಚು. ಅದರೊಳಗೆ ಪಾಲಿ ಇದ್ದಳು. ಬೇರೆಯವರ ಹಲ್ಲಿನಲ್ಲಿ ಸತ್ತವರು ಹಾಡುತ್ತಾರೆ, ಬೈಯುತ್ತಾರೆ, ನಗುತ್ತಾರೆ. ನನ್ನ ಹಲ್ಲಿನಲ್ಲಿ ನನ್ನ ಮಗಳು ನೀರು ಕೇಳುತ್ತಿದ್ದಳು. ಬೇರೇನೂ ಇಲ್ಲ. ಅಮ್ಮಾ ನೀರು, ಅಮ್ಮಾ ನೀರು ಎಂದು ನಾನು ಒಲೆ ಹಚ್ಚುವಾಗ, ಕಸ ಗುಡಿಸುವಾಗ, ಬಂದವರಿಗೆ ಮಣೆ ಹಾಕುವಾಗ ಕೇಳುತ್ತಲೇ ಇದ್ದಳು. ಎರಡು ದಿನ ತಡೆದೆ. ಹನ್ನೆರಡನೆಯ ದಿನ ಕನ್ನಡಿ ಹಿಡಿದು ನನ್ನ ಬಾಯಿಗೆ ನಾನೇ ಮೇಣ ಒತ್ತಿ, ಬೆಳ್ಳಿ ಕರಗಿಸಿ, ಮೇಲ್ಗಟ್ಟು ಕೂರಿಸಿಕೊಂಡೆ. ಹದಿನಾರರ ತನಕ ಕಾಯುವುದು ವಾಡಿಕೆ. ನಾನು ಕಾಯಲಿಲ್ಲ.

ಅದಕ್ಕೆ ಮುಂಚೆ, ಹನ್ನೊಂದನೆಯ ದಿನ, ಓಬಣ್ಣನ ಬಾಯಿ ನೋಡಿದ್ದೆ. ಮಗು ಸತ್ತರೆ ಅಪ್ಪ ಅಮ್ಮ ಇಬ್ಬರಿಗೂ ಒಂದೇ ಹಲ್ಲಿಗೆ ಬೀಳುತ್ತದೆ. ಅವ್ವ ಕಲಿಸಿದ್ದು ಹಾಗೆ, ನಾನು ಕಂಡದ್ದೂ ಹಾಗೆ. ಅವನ ಬಲಗೆನ್ನೆಯನ್ನು ಬೆರಳಿನಿಂದ ಸರಿಸಿ ಆ ದೊಡ್ಡ ದವಡೆಹಲ್ಲು ನೋಡಿದೆ. ಗುಂಡುಕಲ್ಲಿನ ಹಾಗೆ ಇತ್ತು. ಒಂದು ಗೀರಿಲ್ಲ. ನನ್ನ ಹಲ್ಲಿನಲ್ಲಿ ಮಗಳು ನೀರು ಕೇಳುತ್ತಿದ್ದಾಳೆ, ಈ ಗಂಡಸಿನ ಹಲ್ಲು ಗಟ್ಟಿ ಕೂತಿದೆ ಎಂದು ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲಿ ನಿಂತಿದ್ದ ಪಕ್ಕದ ಮನೆಯ ಬೊಮ್ಮಕ್ಕ, "ಏನಾತೇ?" ಎಂದಳು.

"ಇವನಿಗೆ ಬಿದ್ದಿಲ್ಲ" ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

ಓಬಣ್ಣ ಬಾಯಿ ಮುಚ್ಚಿಕೊಂಡು ನನ್ನನ್ನೊಮ್ಮೆ ನೋಡಿದ. ಹೆಗಲ ಮೇಲಿದ್ದ ಟವೆಲನ್ನು ತಲೆಗೆ, ಎರಡೂ ಕೆನ್ನೆ ಮುಚ್ಚುವಂತೆ ಸುತ್ತಿಕೊಂಡು ಭಟ್ಟಿಯ ಕಡೆ ಹೋದ.

ಆಮೇಲೆ ಊರು ಅವನನ್ನು ಗಟ್ಟಿಹಲ್ಲಿನ ಓಬಣ್ಣ ಎಂದು ಕರೆಯಿತು. ಮದುವೆಮನೆಯಲ್ಲಿ ಪಂಕ್ತಿಯ ಕೊನೆಗೆ ಎಲೆ ಹಾಕಿದರು. ಎಳೆಮಕ್ಕಳನ್ನು ಅವನ ಕೈಗೆ ಕೊಡುವುದನ್ನು ಬಿಟ್ಟರು. ಕಡಲೆ ಮಾತ್ರ ಕೊಳ್ಳುತ್ತಿದ್ದರು, ಯಾಕೆಂದರೆ ಅವನಂಥ ಹದ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ನಾನು ಹೊತ್ತಿಗೆ ಸರಿಯಾಗಿ ತಟ್ಟೆಗೆ ಹಾಕಿ ಮುಂದೆ ಇಡುತ್ತಿದ್ದೆ. ಉಪ್ಪು ಬೇಕಾ, ನೆಂಟರು ಬಂದಿದ್ದಾರೆ, ಬಾಗಿಲು ಹಾಕು, ಇಷ್ಟೇ ಮಾತು. ನಾನು ಮುಂದಿನ ಕೋಣೆಯಲ್ಲಿ, ಅವನು ಭಟ್ಟಿಯ ಪಕ್ಕದ ಚಪ್ಪರದಲ್ಲಿ. ನಾನು ಅವನನ್ನು ದ್ವೇಷಿಸಿದೆ. ಚೆನ್ನಾಗಿ, ಮನಸ್ಸಿಟ್ಟು ದ್ವೇಷಿಸಿದೆ. ಹಾಗೆ ದ್ವೇಷಿಸುವಾಗ ಹಿತ್ತಿಲಿಗೆ ಎರಚಿದ ನೀರು ನೆನಪಿಗೆ ಬರುತ್ತಿರಲಿಲ್ಲ. ಅದೂ ನಿಜವೇ.

ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಇಳಿಯದಿದ್ದರೆ ಕಣ್ಣಿದ್ದೂ ಏನು ಬಂತು? ಪಾಲಿ ಹೋದ ಮೇಲೆ ಅವನು ಕಾಳನ್ನು ಕಡಿದು ಹದ ನೋಡುವುದನ್ನು ಬಿಟ್ಟ. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿ ಸದ್ದಿನಲ್ಲೇ ಹದ ಹೇಳುತ್ತಿದ್ದ. ಜನ ನಗುತ್ತಿದ್ದರು. ಮುದ್ದೆಯನ್ನೂ ಬಲಗಡೆಗೇ ಸರಿಸಿ ನುಂಗುತ್ತಿದ್ದ. ಚಳಿಗಾಲದಲ್ಲಿ ನೀರು ಕಾಯಿಸಿ ಕುಡಿಯುತ್ತಿದ್ದ. ಬೇಸಗೆಯಲ್ಲೂ ಆ ಟವೆಲು ತಲೆಯಿಂದ ಇಳಿಯುತ್ತಿರಲಿಲ್ಲ. ಊರಿನ ಬಾಯಿಗಳನ್ನೆಲ್ಲ ನೋಡುವ ಹೆಂಗಸು ನಾನು, ಮನೆಯಲ್ಲಿದ್ದ ಬಾಯಿಯನ್ನು ಮತ್ತೊಮ್ಮೆ ನೋಡಲಿಲ್ಲ.

ಈ ವರ್ಷ ಹೊಸ ಕಡಲೆ ಬಂದ ವಾರ ಅವನು ಊಟಕ್ಕೆ ಬರಲಿಲ್ಲ. ತಟ್ಟೆ ಹಿಡಿದು ಚಪ್ಪರಕ್ಕೆ ಹೋದೆ. ಗೋಡೆಗೆ ಒರಗಿ ಕೂತಿದ್ದ. ಟವೆಲಿನ ಒಳಗಿನಿಂದ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು, ಊತ ಕುತ್ತಿಗೆಗೆ ಇಳಿದಿತ್ತು. ಹಣೆ ಮುಟ್ಟಿದರೆ ಹೆಂಚಿನಷ್ಟು ಬಿಸಿ. ಎಂಜಲು ನುಂಗಲೂ ಆಗುತ್ತಿರಲಿಲ್ಲ. ಈ ಊತವನ್ನು ನಾನು ಬಲ್ಲೆ. ಇದು ಗಂಟಲು ಕಟ್ಟಿದರೆ ಎರಡು ದಿನ, ಹೆಚ್ಚೆಂದರೆ ಮೂರು.

"ಬಾಯಿ ತೆಗಿ" ಎಂದೆ.

ಅವನು ತಲೆ ಅಲ್ಲಾಡಿಸಿದ.

"ತೆಗಿ ಅಂದ್ರೆ ತೆಗಿ. ನಾನೇನು ನಿನ್ನ ಹೆಂಡ್ತಿಯಾಗಿ ಕೇಳ್ತಿಲ್ಲ."

ಟವೆಲು ಬಿಚ್ಚಿ, ಬೆಳಕಿಗೆ ಅವನ ಮುಖ ತಿರುಗಿಸಿ, ಸೊಂಟದಲ್ಲಿದ್ದ ಕಸುಬಿನ ಸಣ್ಣ ಕನ್ನಡಿಯನ್ನು ಬಾಯೊಳಗೆ ಇಳಿಸಿದೆ. ಎಡಗಡೆ, ಕೆಳಸಾಲು, ಎಲ್ಲಕ್ಕಿಂತ ಹಿಂದಿನ ಹಲ್ಲು, ಅಂದು ನಾನು ನೋಡದೇ ಬಿಟ್ಟದ್ದು. ಗೋಡೆ ಕಪ್ಪಾಗಿ, ನಡುವೆ ಬಿರುಕು ಬಿಟ್ಟು, ಬುಡದಲ್ಲಿ ಕೀವು ತುಂಬಿತ್ತು. ಆದರೆ ಕುಳಿಯ ಆಕಾರ ಅಳಿಸಿರಲಿಲ್ಲ. ಅರ್ಧ ಕಡಲೆಬೇಳೆ. ಒಂದು ಬದಿಯಲ್ಲಿ ಚಿವುಟಿದಂಥ ಕಚ್ಚು.

ಕನ್ನಡಿ ನನ್ನ ಕೈಯಿಂದ ಜಾರಿ ಅವನ ಮಡಿಲಿಗೆ ಬಿತ್ತು.

"ಯಾಕೆ ಹೇಳ್ಲಿಲ್ಲ?" ಎಂದೆ. "ಹನ್ನೊಂದನೇ ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತುಂಬಿಸ್ತಿದ್ರಿ" ಎಂದ ಅವನು, ಅರ್ಧ ಬಾಯಲ್ಲಿ. "ನಿಂಗೆ ತಡಿಯಾಕಾಗ್ತಿರ್ಲಿಲ್ಲ. ನೀನು ತುಂಬಿಸ್ಕೊಂತೀಯ ಅಂತ ಗೊತ್ತಿತ್ತು. ಇಬ್ರೂ ತುಂಬಿಸ್ಕೊಂಡ್ರೆ ಮಗು ಎಲ್ಲಿಗ್ ಹೋಗ್ಬೇಕು?"

"ನಾನು ಊರ ಮುಂದೆ ನಿನ್ನ ಮಾನ ಕಳೆದೆ."

"ಅದ್ರಿಂದ ಒಳ್ಳೇದೇ ಆತು. ಯಾರೂ ಬಾಯಿ ನೋಡಾಕೆ ಬರ್ಲಿಲ್ಲ."

ನಾನು ಅಲ್ಲೇ, ಬೂದಿಯ ಮೇಲೆ ಕೂತು ಅತ್ತೆ. ಪಾಲಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಕಣ್ಣೊರೆಸಿಕೊಂಡು, "ಏನಂತಾಳೆ?" ಎಂದು ಕೇಳಿದೆ.

"ಏನೇನೋ ಆಡ್ಕೊಂತಾಳೆ. ಕಡ್ಲೆ ಕೇಳ್ತಾಳೆ. ಜಡೆ ಬಿಗಿ ಆತು ಅಂತಾಳೆ."

"ನೀರು ಕೇಳ್ತಾಳಾ?"

ಅವನು ನನ್ನ ಮುಖ ನೋಡದೆ, "ಇಲ್ಲ. ಯಾವತ್ತೂ ಇಲ್ಲ" ಎಂದ. ಅವನ ಸುಳ್ಳು ನನಗೆ ಗೊತ್ತಾಗದೆ ಇರುತ್ತದೆಯೇ?

ಆ ಹಲ್ಲಿಗೆ ಕಟ್ಟು ಹಾಕುವ ಹಾಗಿರಲಿಲ್ಲ. ಮೇಲ್ಗಟ್ಟು ನಿಲ್ಲಬೇಕಾದರೆ ಆಸರೆಗೆ ಒಂದು ಗೋಡೆಯಾದರೂ ಗಟ್ಟಿ ಇರಬೇಕು. ಇಲ್ಲಿ ಬುಡವೇ ಕೊಳೆತಿತ್ತು. ಕೀಳಬೇಕು ಎಂದೆ. ಕಿತ್ತರೆ ದನಿಯೂ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬೇಡ ಎಂದ. ಸಾಯ್ತೀಯ ಎಂದೆ. ಆಯಸ್ಸು ಆಗಿದೆ ಎಂದ. ಕಾಲು ಹಿಡಿದೆ, ಬೈದೆ, ಬೊಮ್ಮಕ್ಕನನ್ನು ಕರೆಸಿ ಹೇಳಿಸಿದೆ. ಬಾಯಿ ಬಿಗಿದು ಕೂತ. ಕೊನೆಗೆ ನನಗೆ ಸಿಟ್ಟು ನೆತ್ತಿಗೇರಿತು.

"ಸಾಯಿ. ನೀನು ಸತ್ರೆ ನಂಗೆ ತೂತು ಬೀಳ್ತದಲ್ಲ, ಅದನ್ನೂ ಹನ್ನೆರಡನೇ ದಿನಕ್ಕೇ ತುಂಬಿಸ್ತೀನಿ. ನಿನ್ ದನಿಯೂ ಇಲ್ಲ, ನಿನ್ ಜೊತೇಲಿ ಮಣ್ಣಿಗ್ ಹೋದ ಅವಳ ದನಿಯೂ ಇಲ್ಲ. ಹಾಯಾಗಿ ಇರ್ತೀನಿ ನೋಡು."

ಊದಿದ ಕೆನ್ನೆಯಲ್ಲೇ ಅವನಿಗೆ ನಗು ಬಂತು. ನಕ್ಕಿದ್ದಕ್ಕೆ ನೋವಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಬಹಳ ಹೊತ್ತು ಕೆನ್ನೆಗೆ ಕೈಕೊಟ್ಟು ಕಣ್ಣು ಮುಚ್ಚಿ ಕೂತ. ನಾನೂ ಬೊಮ್ಮಕ್ಕನೂ ಮಾತಾಡದೆ ಅಂಗಳಕ್ಕೆ ಹೋಗಿ ನಿಂತೆವು. ಬಿಸಿಲು ಚಪ್ಪರದಿಂದ ಭಟ್ಟಿಗೆ ಸರಿಯುವಷ್ಟು ಹೊತ್ತಾದ ಮೇಲೆ ಅವನೇ ಕರೆದ.

"ಹೂಂ. ಕೀಳು" ಎಂದ.

ಕಿತ್ತೆ. ಕೀವು ಬಸಿಯಿತು, ಮೂರು ದಿನದಲ್ಲಿ ಜ್ವರ ಇಳಿಯಿತು, ಒಂದು ವಾರದಲ್ಲಿ ಕೆನ್ನೆ ಮೊದಲಿನಂತಾಯಿತು. ಆ ಹಲ್ಲನ್ನು ತೊಳೆದು ನನ್ನ ಗೂಡಿನಲ್ಲಿಟ್ಟೆ. ಅವನಿಗೂ ತೂತು ಬಿದ್ದಿತ್ತೆಂದು ನಾಲ್ಕು ಜನಕ್ಕಾದರೂ ತಿಳಿಸು ಎಂದು ಬೊಮ್ಮಕ್ಕನಿಗೆ ಹೇಳಿದೆ. ಅವಳು ಊರಿಗೇ ಹೇಳಿದಳು. ಜನ ಒಬ್ಬೊಬ್ಬರಾಗಿ ಭಟ್ಟಿಯ ಹತ್ತಿರ ಬಂದು, ಏನು ಹೇಳಬೇಕೆಂದು ತೋಚದೆ, ಬೇಡದಿದ್ದರೂ ಸೇರು ಸೇರು ಕಡಲೆ ಕೊಂಡುಹೋದರು.

ಅವನಿಗೆ ಅದು ಯಾವುದೂ ಬೇಕಿರಲಿಲ್ಲ. ಟವೆಲು ಸುತ್ತುವುದನ್ನು ಬಿಟ್ಟ. ಬಿಟ್ಟ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಅಂಗಳದಲ್ಲಿ ಅಡ್ಡಾಡುತ್ತಿದ್ದ. ಕಾಳನ್ನು ಮುಷ್ಟಿಯಲ್ಲಿ ಹಿಡಿದು ಅಲುಗಿಸಿ, ಮತ್ತೆ ಅಲುಗಿಸಿ, ಹದ ಸಿಗದೆ ಸೀಯಿಸಿಬಿಟ್ಟ. ಒಂದು ಬೆಳಿಗ್ಗೆ ನಾನು ಮೇಣ ಕಾಯಿಸುತ್ತಿದ್ದಾಗ ಬಂದು ಮುಂದಿನ ಕೋಣೆಯ ಹೊಸ್ತಿಲ ಮೇಲೆ ಕೂತ. ಹತ್ತೊಂಬತ್ತು ವರ್ಷದಲ್ಲಿ ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು.

"ತಿಪ್ಪಿ, ಅವಳ ಮಾತೆಲ್ಲ ನೆನಪೈತೆ. ದನಿ ಹೆಂಗಿತ್ತೇ?"

ನನಗೆ ಏನು ಗೊತ್ತು? ನಾನು ಹನ್ನೆರಡನೆಯ ದಿನವೇ ಮುಚ್ಚಿದವಳು.

"ಒಂದೇ ಒಂದು ಸಲ ಹೇಳು" ಎಂದ. "ಸಣ್ಣಕ್ಕಿತ್ತಾ? ಒಡಕಿತ್ತಾ?"

ಮೇಣದ ಬಟ್ಟಲನ್ನು ಒಲೆಯಿಂದ ಇಳಿಸಿದೆ. ಕನ್ನಡಿಯನ್ನು ಕಿಟಕಿಗೆ ಒರಗಿಸಿ, ಸಣ್ಣ ಕೊಕ್ಕೆಯನ್ನು ತೆಗೆದುಕೊಂಡು ನನ್ನ ಬಲಗಡೆಯ ಮೇಲ್ಗಟ್ಟಿನ ಅಂಚಿಗೆ ಕೊಟ್ಟೆ. ಅವನಿಗೆ ಅರ್ಥವಾಗಿ, "ಬ್ಯಾಡ ಕಣೇ, ಬ್ಯಾಡ. ನಿಂಗೆ ತಡಿಯಾಕಾಗಲ್ಲ" ಎಂದು ಎದ್ದ. ನಾನು ಕೇಳಲಿಲ್ಲ. ನನ್ನ ಕೈಯ ಕೆಲಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಎರಡು ಸಲ ವಸಡು ಕಿತ್ತು ರಕ್ತ ಬಂತು. ಮೂರನೆಯ ಸಲ ಬೆಳ್ಳಿ ಕಳಚಿ ನಾಲಗೆಯ ಮೇಲೆ ಬಿತ್ತು. ಅದನ್ನು ತೆಗೆದು ಗೂಡಿನಲ್ಲಿದ್ದ ಅವನ ಹಲ್ಲಿನ ಮೇಲಿಟ್ಟೆ. ಅಂಚು ಸವೆದಿದ್ದರೂ ಕೂತಿತು.

ಮೊದಲು ಬರೀ ಗಾಳಿ ತಾಗಿತು. ನೋವು ಕಿವಿಗೆ ಹೋಗಿ ನಿಂತಿತು. ಇಷ್ಟು ವರ್ಷವಾದ ಮೇಲೆ ಅಲ್ಲಿ ಏನಿರುತ್ತದೆ, ಏನೂ ಇಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗ ಎದೆಯ ಒಂದು ಮೂಲೆಯಲ್ಲಿ ಹಗುರವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಅವಳು ಕರೆದಳು.

ನಾನು ಮುಚ್ಚಿದ ಜಾಗದಿಂದಲೇ ಶುರುವಾಯಿತು. ಅದೇ ಎರಡು ಮಾತು. ಅವಳು ಒಂದು ದಿನವೂ ದೊಡ್ಡವಳಾಗಿರಲಿಲ್ಲ.

"ಬಂದ್ಲಾ?" ಎಂದ ಓಬಣ್ಣ.

ತಲೆಯಾಡಿಸಿದೆ. ಅವನು ಹತ್ತಿರ ಬಂದು, ಬೂದಿಯ ವಾಸನೆಯ ತನ್ನ ತಲೆಯನ್ನು ಬಗ್ಗಿಸಿ, ಕಿವಿಯನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದ. ಅವನಿಗೆ ಕೇಳುವುದಿಲ್ಲವೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ಉಸಿರು ಬಿಗಿಹಿಡಿದು ನಿಂತ.

"ಸಣ್ಣಕ್ಕೈತೆ" ಎಂದೆ. "ಸ್ವಲ್ಪ ಮೂಗಿನಾಗೆ ಬರ್ತದೆ. ಕೊನೇಗೆ ಎಳೀತಾಳೆ."

"ಹೌದು. ಎಳೀತಿದ್ಲು" ಎಂದ. "ಏನಂತಾಳೆ?"

"ನೀರು ಕೇಳ್ತಾ ಅವ್ಳೆ."

ಅವನು ನನ್ನ ಕೆನ್ನೆಯಿಂದ ಕಿವಿ ತೆಗೆದು ಒಳಗೆ ಹೋದ. ಹಂಡೆಯ ಮುಚ್ಚಳದ ಸದ್ದಾಯಿತು. ಚೊಂಬು ತುಂಬಾ ನೀರು ತಂದು ನನ್ನ ಮುಂದೆ ಹಿಡಿದ.

"ಒಂದು ಗುಟುಕು ಕೊಡೇ" ಎಂದ. "ಏನೂ ಆಗಲ್ಲ."

ಚೊಂಬು ತೆಗೆದುಕೊಂಡೆ. ತಣ್ಣೀರನ್ನು ಬಾಯಿಗೆ ಹಾಕಿಕೊಂಡು ಬಲಗಡೆಗೆ, ಆ ತೆರೆದ ಹಲ್ಲಿನ ಮೇಲಕ್ಕೆ ಸರಿಸಿದೆ. ನೋವು ದವಡೆಯಿಂದ ನೆತ್ತಿಯವರೆಗೆ ಹೊಡೆದು ಕಣ್ಣು ಕತ್ತಲಾಯಿತು. ಅವನ ತೋಳು ಹಿಡಿದುಕೊಂಡೆ. ಉಗುಳಲಿಲ್ಲ. ಅವಳು ಸಾಕು ಎನ್ನುವವರೆಗೂ ಹಿಡಿದಿರೋಣ ಎಂದು ಹಾಗೆಯೇ ನಿಂತೆ.